ಹಳೇ ಇಸವಿಯ ಹೊಸ ಸೆಂಟು

ಪ್ಯಾರಿಸ್ ಪಕ್ಕದಲ್ಲಿ ಮನೆ ಮಾಡಿ ಎಂಟು ವರ್ಷ ಆಯ್ತು. ಇಲ್ಲಿನವರು ಸೆಂಟಿನ ಬಗ್ಗೆ ಮಾತಾಡುವ ರೀತಿ ಮಾತ್ರ ನನಗಿನ್ನೂ ಪೂರ್ತಿ ಒಗ್ಗಿಲ್ಲ. ನಾವು "ಘಮ್ ಅಂತಿದೆ" ಅಂದರೆ ಮುಗೀತು. ಇಲ್ಲಿ ಯಾರು ಮಾಡಿದ್ದು, ಯಾವ ಇಸವಿ, ಯಾವ ಬಳಗದ ಪರಿಮಳ ಅಂತ ಮದುವೆಗೆ ಗಂಡು ನೋಡಿದ ಹಾಗೆ ವಿಚಾರಿಸುತ್ತಾರೆ.

ಹೋದ ತಿಂಗಳು ನಾನೂ ಆ ಇಸವಿಗೆ ಮರುಳಾದೆ. 1917ರ ಸೂತ್ರದಿಂದ ಪ್ರೇರಣೆ ಪಡೆದದ್ದು ಅಂತ ಡಬ್ಬಿ ಮೇಲೆ ಬರೆದಿತ್ತು, ತಗೊಂಡುಬಿಟ್ಟೆ. 1917 ಅಂದರೆ ಫ್ರೆಂಚ್ ಸೆಂಟು ತಯಾರಕ ಫ್ರಾಂಸ್ವಾ ಕೋಟಿಯ 'ಶಿಪ್ರ್' ಅನ್ನೋ ಸೆಂಟು ಬಂದ ವರ್ಷ. (ಇಲ್ಲಿನವರ ಬಾಯಲ್ಲಿ ಆ ಹೆಸರು 'ಕೋತಿ' ಅಂತಲೇ ಕೇಳಿಸುತ್ತದೆ, ನಗು ತಡೆದುಕೊಳ್ಳಬೇಕು.) ಮೇಲೆ, ಅಂದರೆ ಮೊದಲು ಮೂಗಿಗೆ ಬರೋದು, ಬೆರ್ಗಮಾಟ್ ಅನ್ನೋ ಹುಳಿ ಹಣ್ಣಿನ ಸಿಪ್ಪೆಯ ಎಣ್ಣೆ; ತಳದಲ್ಲಿ, ಅಂದರೆ ಕೊನೆಯವರೆಗೆ ಉಳಿಯೋದು, ಲ್ಯಾಬ್ಡನಮ್ ಅನ್ನೋ ಗಿಡದ ಅಂಟು ಮತ್ತು ಓಕ್‌ಮಾಸ್. ಈ ಓಕ್‌ಮಾಸ್ ಮರದ ತೊಗಟೆ ಮೇಲೆ ಬೆಳೆಯುವಂಥದ್ದು, ನಮ್ಮ ಕಲ್ಲುಹೂವಿನ ದಾಯಾದಿ. ಕಲ್ಲುಹೂವಿನ ಡಬ್ಬಿಗೆ ಮೂಗು ಇಟ್ಟವರಿಗೆ ಅರ್ಧ ವಿಷಯ ಗೊತ್ತಾದ ಹಾಗೆ.

ಹಳೆಯದನ್ನೂ ನಾನು ಮೂಸಿದ್ದೆ, ಅದೇ ತೊಂದರೆ ಆಗಿದ್ದು. ವರ್ಸೈನಲ್ಲಿ ಓಸ್ಮೊಥೆಕ್ ಅಂತ ಸೆಂಟುಗಳ ಭಂಡಾರ ಇದೆ, 1990ರಲ್ಲಿ ಶುರುವಾದದ್ದು. ಅಂಗಡಿಯಿಂದ ಮಾಯವಾದ ಸೆಂಟುಗಳನ್ನು ಹಳೇ ಸೂತ್ರದಂತೆ ಮತ್ತೆ ಮಾಡಿ, ಬೆಳಕು ಬೀಳದ ಹಾಗೆ, 12 ಡಿಗ್ರಿ ತಂಪಿನಲ್ಲಿ, ಆರ್ಗಾನ್ ಅನಿಲ ತುಂಬಿ ಇಟ್ಟಿರುತ್ತಾರೆ. ಅಲ್ಲಿ ಕಾಗದದ ಪಟ್ಟಿಯನ್ನು ಶಿಪ್ರ್‌ನಲ್ಲಿ ಅದ್ದಿ ಕೊಟ್ಟರು. ಸುಮ್ನೆ ಕೋಟಿನ ಜೇಬಿಗೆ ಹಾಕಿಕೊಂಡು ಬಂದೆ. ಮೂರನೇ ದಿನ ನನ್ನಾಕೆ ಬೀರು ತೆಗೆದವಳೇ, "ಏನ್ರೀ ಇದು, ಮಳೆಗಾಲದಲ್ಲಿ ಅಟ್ಟದ ಬಾಗಿಲು ತೆಗೆದ ಹಾಗಿದೆ!" ಅಂದಳು. ಬೈದಿದ್ದೋ ಹೊಗಳಿದ್ದೋ, ಮಾತಂತೂ ಸರಿಯಾಗಿತ್ತು.

ಹೊಸದು ಹಾಗಲ್ಲ. ಮೊದಲ ಹತ್ತು ನಿಮಿಷ ನಿಜಕ್ಕೂ ಚೆನ್ನಾಗಿದೆ, ಹಳೆಯದಕ್ಕಿಂತ ಜಾಸ್ತಿ ಚುರುಕು. ಆಮೇಲೆ ಮೆಲ್ಲಗೆ ತೊಳೆದುಕೊಳ್ಳುತ್ತಾ ಹೋಗುತ್ತದೆ. ಸಂಜೆ ಹೊತ್ತಿಗೆ ಮಣಿಕಟ್ಟಿನಲ್ಲಿ ಉಳಿದದ್ದು ಒಗೆದು ಒಣಗಿಸಿದ ಟವೆಲ್ಲಿನ ವಾಸನೆ.

ಕಾರಣ ಇದೆ. ಓಕ್‌ಮಾಸ್‌ನಲ್ಲಿರುವ ಆಟ್ರನಾಲ್, ಕ್ಲೋರೋಆಟ್ರನಾಲ್ ಅನ್ನೋ ಎರಡು ರಾಸಾಯನಿಕಗಳು ಕೆಲವರ ಚರ್ಮಕ್ಕೆ ಆಗೋದಿಲ್ಲ. ಯುರೋಪಿಯನ್ ಒಕ್ಕೂಟ 2017ರಲ್ಲಿ ಅವೆರಡನ್ನೂ ನಿಷೇಧಿಸಿತು, 2021ರ ಆಗಸ್ಟ್ ನಂತರ ಅವು ಇರುವ ಸೆಂಟನ್ನು ಮಾರುವಂತಿಲ್ಲ. ಈಗ ಅವನ್ನು ತೆಗೆದು ಶುದ್ಧ ಮಾಡಿದ ಓಕ್‌ಮಾಸ್ ಬಳಸುತ್ತಾರೆ, ಇಲ್ಲವೇ ಪಚ್ಚೆತೆನೆ, ಲಾವಂಚ ಹಾಕಿ ಆ ಜಾಗ ತುಂಬುತ್ತಾರೆ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಮೈ ತುರಿಸುವವರ ಕಷ್ಟ ತುರಿಸಿಕೊಂಡವರಿಗೇ ಗೊತ್ತು.

ಆದರೆ ನನ್ನ ಬಾಟಲಿಯಲ್ಲಿ ಆ ಜಾಗ ತುಂಬುವ ಗೋಜಿಗೇ ಹೋದ ಹಾಗಿಲ್ಲ, ಅಲ್ವಾ? ಉತ್ತರ ಪ್ರದೇಶದ ಕನೌಜಿನಲ್ಲಿ ಹಳೇ ಪದ್ಧತಿಯಂತೆ ಅತ್ತರು ಮಾಡುವವರು ಹೂವಿನ ಹಬೆಯನ್ನು ಗಂಧದೆಣ್ಣೆಯೊಳಗೇ ಇಳಿಸುತ್ತಾರೆ, ಅಂದರೆ ತಳ ಮೊದಲು, ಹೂವು ಆಮೇಲೆ. ಗಂಧದೆಣ್ಣೆ ಬೇಗ ಹಾರುವುದಿಲ್ಲ, ಮೈಗೆ ಅಂಟಿಕೊಂಡು ಕೂರುತ್ತದೆ. ಹಾಗಾಗಿ ಅತ್ತರು ಕಂಡವರು ಕೊನೆಗೆ ಏನು ಉಳಿಯಿತು ಅಂತ ನೋಡುತ್ತಾರೆ. ಇಲ್ಲಿಯದು ಆಲ್ಕೋಹಾಲಿನ ಸೆಂಟು, ಚಿಮ್ಮಿಸಿದ ತಕ್ಷಣ ಮೂಗಿಗೆ ಏರುತ್ತದೆ, ಗಿರಾಕಿ ಅಂಗಡಿಯಲ್ಲಿ ನಿಂತಲ್ಲೇ ತೀರ್ಮಾನ ಮಾಡಿಬಿಡುತ್ತಾನೆ. ಶಿಪ್ರ್ ಕೂಡ ಆಲ್ಕೋಹಾಲಿನದ್ದೇ, ಆದರೆ ಅದನ್ನು ತಳದಿಂದ ಕಟ್ಟಿದ್ದರು. ನನ್ನ ಮೂಗಿಗೆ ಅದು ಇವತ್ತಿನ ಫ್ರೆಂಚ್ ಸೆಂಟಿಗಿಂತ ಅತ್ತರಿಗೇ ಹತ್ತಿರ.

ಬಾಟಲಿ ಇನ್ನೂ ಮುಕ್ಕಾಲು ಇದೆ. ಬೆಳಿಗ್ಗೆ ಬ್ರೆಡ್ ತರಲು ಹೋಗುವಾಗ ಹಾಕಿಕೊಳ್ಳುತ್ತೇನೆ. ಹೋಗಿ ಬರೋದಕ್ಕೆ ಹತ್ತೇ ನಿಮಿಷ.