ಕುರಿಗಳ ದೇಶಕ್ಕೆ ಕಂಬಳಿ

ಮೇ ತಿಂಗಳಲ್ಲಿ ರಜೆಗೆ ಕೊಪ್ಪಳಕ್ಕೆ ಬಂದರೆ ಒಂದು ಮಾತು ಕೇಳಲೇಬೇಕು. ಒಗ್ಗರಣೆ-ಮಿರ್ಚಿ ಬಂಡಿ ಮುಂದೆ ನಿಂತರೂ ಬಿಡುವುದಿಲ್ಲ. ‘ನಿಮಗೇನ್ರಿ, ಮೆಲ್ಬರ್ನ್‌ನಾಗ ತಣ್ಣಗ ಇರ್ತೀರಿ. ಪುಣ್ಯವಂತರು!’ ಹೊರಗೆ 42 ಡಿಗ್ರಿ, ಹೇಳುವವರ ಹಣೆಯಿಂದ ಬೆವರು ಇಳೀತಿರುತ್ತದೆ. ಜಗಳ ಆಡೋಕೂ ಆಗಲ್ಲ. ಆದರೂ ಆ ‘ಪುಣ್ಯವಂತ’ ಮಿರ್ಚಿಗಿಂತ ಜಾಸ್ತಿ ಖಾರ.

ತಪ್ಪೆಲ್ಲ ಕ್ರಿಕೆಟ್ಟಿನದು. ಡಿಸೆಂಬರ್ 26ಕ್ಕೆ ಬಾಕ್ಸಿಂಗ್ ಡೇ ಟೆಸ್ಟ್ ಹಚ್ಚಿದರೆ ಮೆಲ್ಬರ್ನ್‌ನಲ್ಲಿ ಜನ ಟೋಪಿ ಹಾಕಿಕೊಂಡು ಬಿಸಿಲಲ್ಲಿ ಕೂತಿರುತ್ತಾರೆ. ಅದು ಅವರ ಬೇಸಿಗೆ. ಜುಲೈ ಹೇಗಿರುತ್ತೆ ಅಂತ ಟಿವಿಯವರು ತೋರಿಸಲ್ಲ. ಹಗಲು 14 ಡಿಗ್ರಿ ಮುಟ್ಟಿದರೆ ದೊಡ್ಡದು, ರಾತ್ರಿ 6ಕ್ಕೆ ಇಳಿಯುತ್ತದೆ. ಅಷ್ಟೇನಾ ಅಂತೀರಾ? ಕೆನಡಾದಲ್ಲಿರುವ ನನ್ನ ಗೆಳೆಯ ಹೊರಗೆ ಹಿಮ ಬಿದ್ದರೂ ಮನೆಯೊಳಗೆ ಬನಿಯನ್‌ನಲ್ಲಿ ಓಡಾಡುತ್ತಾನೆ. ಮೆಲ್ಬರ್ನ್‌ನ ಹಳೇ ಬಾಡಿಗೆ ಮನೆಗಳಿಗೆ ತೆಳು ಗಾಜಿನ ಕಿಟಕಿ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಎರಡು ಸ್ವೆಟರ್ ಹಾಕಿಕೊಂಡು ಪಾತ್ರೆ ತಿಕ್ಕಬೇಕು. ಸೂರ್ಯ ಅಲ್ಲಿ ಉತ್ತರದ ಕಡೆಯಿಂದ ಬರುತ್ತಾನೆ. ನೆರಳು ಹುಡುಕುತ್ತಾ ಬೆಳೆದ ನಾನು ಉತ್ತರದ ಕಿಟಕಿಯ ಗೇಣು ಬಿಸಿಲಿಗೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಇನ್ನು ಕಂಬಳಿ ವಿಷಯ.

ಹೊರಡುವ ಹಿಂದಿನ ರಾತ್ರಿ ಅಜ್ಜಿ ಕರಿ ಕಂಬಳಿ ತಂದಿಟ್ಟಳು. ಹುಣಸೆ ಬೀಜದ ಗಂಜಿ ಹಾಕಿದ್ದು, ಮಡಚಿದರೆ ಮಡಚದು. ‘ಅಜ್ಜಿ, ಅದು ಕುರಿಗಳ ದೇಶ. ಜಗತ್ತಿಗೆಲ್ಲ ಉಣ್ಣೆ ಮಾರ್ತಾರ’ ಅಂದೆ. ‘ಮಾರೋರ ಮನ್ಯಾಗ ಏನ್ ಉಳಿದಿರ್ತೈತೋ, ನೀ ಒಯ್ಯಿ’ ಅಂದಳು. ಪೆಟ್ಟಿಗೆಯಿಂದ ಶೇಂಗಾ ಚಟ್ನಿ ಹೊರಗೆ ಬಿತ್ತು, ಕಂಬಳಿ ಒಳಗೆ ಹೋಯಿತು. ಅವಳ ಮಾತು ಸುಳ್ಳಲ್ಲ ಬಿಡಿ. ಅಲ್ಲಿನ ಅಂಗಡಿಯಲ್ಲಿ ಉಣ್ಣೆಯ ಬೆಲೆ ಕೇಳಿದವರು ಸುಮ್ನೆ ಪಾಲಿಯೆಸ್ಟರ್ ಕೊಂಡು ಬರುತ್ತಾರೆ.

ಆಸ್ಟ್ರೇಲಿಯಾದಲ್ಲಿ ಇಳಿದ ಕೂಡಲೇ ಪ್ರಾಣಿ, ಗಿಡ, ಬೀಜ, ಏನೇ ತಂದಿದ್ದರೂ ಬರೆದುಕೊಡಬೇಕು. ಬರೆದುಕೊಟ್ಟೆ. ಅಧಿಕಾರಿ ಕಂಬಳಿಯನ್ನು ಬೆಳಕಿಗೆ ಹಿಡಿದ. ಮಡಿಕೆ ಬಿಡಿಸಿ ಬೆರಳಾಡಿಸಿದ. ಮೂಸಿದ. ಇದೇನು ವಾಸನೆ ಅಂದ. ಹುಣಸೆ ಬೀಜ ಅಂದೆ. ಬೀಜ ಅಂದದ್ದೇ ತಡ, ಇನ್ನೊಬ್ಬಳನ್ನು ಕರೆದ. ಬೀಜ ಅರೆದು, ಕುದಿಸಿ, ನೂಲಿಗೆ ಹಚ್ಚುತ್ತಾರೆ ಅಂತ ಕೈಯಲ್ಲೇ ಮಾಡಿ ತೋರಿಸಿದೆ. ಹಿಂದೆ ನಿಂತ ಸಾಲೆಲ್ಲ ನೋಡುತ್ತಿತ್ತು. ಅವಳೂ ಒಮ್ಮೆ ಮೂಸಿ, ಮುಖ ಸಿಂಡರಿಸಿ, ಹೋಗು ಅಂದಳು.

ಕಂಬಳಿ ಚುಚ್ಚುತ್ತಿತ್ತು, ಆದರೆ ಚಳಿಯನ್ನು ಹತ್ತಿರ ಬಿಡಲಿಲ್ಲ. ಆಮೇಲೆ ನಮ್ಮ ಮನೆಗೆ ಬಾಡಿಗೆ ಹಂಚಿಕೊಳ್ಳೋಕೆ ಮಂಡ್ಯದ ಹುಡುಗನೊಬ್ಬ ಬಂದ. ಒಂದು ದಿನ ನಾನು ಕೆಲಸಕ್ಕೆ ಹೋದಾಗ ಅದನ್ನು ಮೆಷಿನ್‌ಗೆ ಹಾಕಿ ಬಿಸಿನೀರು ಬಿಟ್ಟಿದ್ದಾನೆ. ‘ಕುರಿ ವಾಸ್ನೆ ಹೊಡೀತಿತ್ತು ಕಣ್ಲಾ’ ಅಂತೆ! ಉಣ್ಣೆ ಮುದುಡಿ ಗಟ್ಟಿಯಾಗಿ, ಆಳುದ್ದದ ಕಂಬಳಿ ಸೊಂಟದಿಂದ ಮೊಣಕಾಲಿಗೆ ಬಂದು ನಿಂತಿತು.

ಅಜ್ಜಿ ವಿಡಿಯೋ ಕಾಲ್ ಮಾಡಿದಾಗೆಲ್ಲ ‘ಕಂಬಳಿ ಹೊಚ್ಕೊಂಡಿಯೇನೋ?’ ಅನ್ನುತ್ತಾಳೆ. ಅದನ್ನು ಹೆಗಲ ಮೇಲೆ ಎಳೆದುಕೊಂಡು, ಫೋನನ್ನು ಮುಖಕ್ಕೆ ಒತ್ತಿ ಹಿಡಿದು ಹೂಂ ಅನ್ನುತ್ತೇನೆ. ಮಂಡ್ಯದವನಿಗೆ ಮಾತ್ರ ಈಗಲೂ ಮೆಷಿನ್ ಮುಟ್ಟೋಕೆ ಬಿಟ್ಟಿಲ್ಲ. ಜುಲೈ ಇರಲಿ, ಆಗಸ್ಟ್ ಇರಲಿ, ಹಿತ್ತಲ ನಲ್ಲಿ ಕೆಳಗೆ ಕೂತು ತಣ್ಣೀರಲ್ಲೇ ಒಗೀತಾನೆ.