ಮೇಲೆ ಟಕ್ಸಿಡೋ, ಕೆಳಗೆ ಚಡ್ಡಿ

ಅಮೆರಿಕದಲ್ಲಿ ಮಕ್ಕಳು ಹನ್ನೊಂದನೇ ಕ್ಲಾಸ್ ಮುಗಿಸಿ ಬೇಸಿಗೆ ರಜಾ ಶುರು ಆಗಿರುತ್ತೆ ಅಷ್ಟೇ, ಹನ್ನೆರಡರ ಒಂದು ಪೀರಿಯಡ್ಡೂ ನಡೆದಿರಲ್ಲ, ಆಗ್ಲೇ ಎಷ್ಟೋ ಮನೆಗಳಿಗೆ ಸ್ಟುಡಿಯೋದಿಂದ ಕಾಗದ ಬಂದಿರುತ್ತೆ, ನಿಮ್ಮ ಸೀನಿಯರ್ ಪೋರ್ಟ್ರೇಟ್ (ಶಾಲೆಯ ಕೊನೇ ವರ್ಷದೋರ ಫೋಟೋ) ಇಂಥ ದಿನ ಇಷ್ಟು ಗಂಟೆಗೆ ಅಂತ. ಹೋದ್ರೆ ಮೈಗೆ ಗೌನು, ತಲೆಗೆ ಟೋಪಿ, ಕೈಗೆ ರಿಬ್ಬನ್ ಕಟ್ಟಿದ ಖಾಲಿ ಪೇಪರ್ ಸುರುಳಿ ಕೊಟ್ಟು ಗ್ರಾಜುಯೇಟ್ ಆದ ಪೋಸ್ ತೆಗೀತಾರೆ. ಪಾಸಾಗೋದು ಮುಂದಿನ ವರ್ಷದ ಮಾತು. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಆ ಕುಲಾವಿಗೆ ಕುಚ್ಚು ಬೇರೆ.

ಬ್ರೋಷರ್ ತುಂಬಾ ಒಂದೇ ಮಂತ್ರ, ನೀನು ನೀನಾಗಿರು, ನಿನ್ನ ವ್ಯಕ್ತಿತ್ವ ತೋರ್ಸು. ಸರಿ ಅಂತ ಒಳಗೆ ಹೋದ್ರೆ ಇಯರ್‌ಬುಕ್ (ಶಾಲೆಯೋರು ವರ್ಷಕ್ಕೊಂದು ತರೋ ಫೋಟೋ ಪುಸ್ತಕ) ಫೋಟೋಗೆ ಹುಡುಗೀರಿಗೆಲ್ಲ ಅದೇ ಕಪ್ಪು ವೆಲ್ವೆಟ್ ಬಟ್ಟೆ, ಭುಜ ಕಾಣೋ ಹಾಗೆ ಸುತ್ತಿ ಹಿಂದೆ ಕ್ಲಿಪ್ ಹಾಕ್ತಾರೆ, ಒಬ್ಬಳು ಬಿಚ್ಚಿದ್ದನ್ನ ಇನ್ನೊಬ್ಬಳು ಸುತ್ಕೋಬೇಕು. ಹುಡುಗರಿಗೆ ಟಕ್ಸಿಡೋ ಅನ್ನೋ ಬೋ ಕಟ್ಟೋ ಪಾರ್ಟಿ ಸೂಟು, ಎಷ್ಟೋ ಕಡೆ ಅದಕ್ಕೆ ಮುಂಭಾಗ ಮಾತ್ರ ಇರುತ್ತೆ, ಕೋಟು ಬಿಳಿ ಶರ್ಟಿನ ಎದೆ ಬೋ ಎಲ್ಲಾ ಒಂದೇ ಪೀಸು, ಬೆನ್ನಿಗೆ ವೆಲ್ಕ್ರೋ. ಸೊಂಟದಿಂದ ಕೆಳಗೆ ಬಾಸ್ಕೆಟ್‌ಬಾಲ್ ಚಡ್ಡಿ, ಹವಾಯಿ ಚಪ್ಪಲಿ. ಹೀಗೆ ಮುನ್ನೂರು ನಾನೂರು ವ್ಯಕ್ತಿತ್ವಗಳು ಸಾಲಾಗಿ ಒಂದೇ ಬಟ್ಟೆಲಿ ಅಚ್ಚಾಗ್ತವೆ.

ಯಾರಾದ್ರೂ ನಿಜವಾಗ್ಲೂ ತಾನು ತಾನಾಗಿ ಬಂದ್ರೆ? ಮಿಸಿಸಿಪ್ಪಿಲಿ ಒಬ್ಬ ಹುಡುಗಿ ವೆಲ್ವೆಟ್ ಬೇಡ ನಂಗೆ ಟಕ್ಸಿಡೋನೇ ಸರಿ ಅಂತ ಹಾಕ್ಕೊಂಡು ಫೋಟೋ ತೆಗೆಸ್ಕೊಂಡ್ಳು. 2010ರ ಇಯರ್‌ಬುಕ್ ಬಂತು, ಸೀನಿಯರ್‌ಗಳ ಪುಟದಲ್ಲಿ ಅವಳ ಫೋಟೋನೂ ಇಲ್ಲ ಹೆಸರೂ ಇಲ್ಲ. ಕೇಸ್ ಹಾಕಿದ್ಮೇಲೆ 2011ರಲ್ಲಿ ರಾಜಿ ಆಯ್ತು, ಇನ್ಮೇಲೆ ಹುಡುಗ್ರು ಹುಡುಗೀರು ಎಲ್ಲಾ ಗೌನು ಟೋಪಿಲೇ ಫೋಟೋ ತೆಗೆಸ್ಕೊಳ್ಳಿ ಅಂತ. ಒಂದು ತುಂಡು ಬಟ್ಟೆಗೆ ಫೆಡರಲ್ ಕೋರ್ಟು!

ಇಷ್ಟಕ್ಕೆ ಮುಗೀತಾ, ಇಲ್ಲ. ಇದು ಇಯರ್‌ಬುಕ್‌ಗೆ, ಫ್ರೇಮ್ ಹಾಕ್ಸೋಕೆ ಹೊರಾಂಗಣ ಶೂಟ್ ಬೇರೆ. ಅಲ್ಲಿ ಸಹಜವಾಗಿ ನಗಬೇಕು, ಹಳೇ ಕಣಜದ ಗೋಡೆಗೆ ಒರಗಬೇಕು, ಗೋಧಿ ಹೊಲದಲ್ಲಿ ದೂರ ನೋಡ್ಬೇಕು (ಹೊಲದೋರ್ನ ಕೇಳಿರ್ತಾರೋ ಇಲ್ವೋ), ಆಮೇಲೆ ಅದೇ ರೈಲು ಹಳಿ. ಅದು ಅತಿಕ್ರಮ ಪ್ರವೇಶ, ರೈಲು ಹಳಿಯಿಂದ ಮೂರಡಿ ಆಚೆಗೂ ಚಾಚ್ಕೊಂಡಿರುತ್ತೆ, ಗೂಡ್ಸ್ ರೈಲು ಬ್ರೇಕ್ ಹಾಕಿದ್ರೂ ನಿಲ್ಲೋಕೆ ಒಂದು ಮೈಲಿ ಬೇಕು ಅಂತ ರೈಲ್ವೆಯವ್ರು ಬಡ್ಕೊಳ್ತಾನೇ ಇದಾರೆ. ಆದ್ರೂ ಹಳಿ ಮಧ್ಯ ಕೂತು ಭವಿಷ್ಯದ ಕಡೆ ನೋಡೋದು ಬಿಟ್ಟಿಲ್ಲ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ಕ್ಯಾಮೆರಾ ಮುಂದೆ ಕೂತಿದ್ದಕ್ಕೇ ಒಂದು ಫೀಸು, ಅದ್ರಲ್ಲಿ ಒಂದು ಪ್ರಿಂಟೂ ಸಿಗಲ್ಲ. ನೋಡೋಕೆ ಕಳ್ಸೋ ಫೋಟೋಲಿ ಹಣೆಯಿಂದ ಗಲ್ಲದ ತನಕ ವಾಟರ್‌ಮಾರ್ಕು. ಮೊಡವೆ ತೆಗೆಯೋಕೆ ಬೇರೆ ಚಾರ್ಜು. ಡಲ್ಲಾಸಿನ ನಮ್ಮ ಸ್ನೇಹಿತರ ಮಗಳ ಫೋಟೋಲಿ ಮೊಡವೆ ಜೊತೆ ಮೂಗಿನ ಪಕ್ಕದ ಮಚ್ಚೆನೂ ಮಾಯ, ಮೈಸೂರಿನ ಅಜ್ಜಿ ವಾಟ್ಸಾಪಲ್ಲಿ ನೋಡಿ, "ಇದ್ಯಾರ ಮಗುನೋ? ನಮ್ಮ ಯಜಮಾನ್ರ ಮಚ್ಚೆ ಎಲ್ಲೋ?" ಅಂತ ಮಗನ್ನ ತರಾಟೆಗೆ ತಗೊಂಡ್ರು. ಬೇಕಾಗಿದ್ದು ಒಂದೇ ಫೋಟೋ, ಆದ್ರೆ ಪ್ಯಾಕೇಜಲ್ಲಿ ವ್ಯಾಲೆಟ್ ಸೈಜಿಂದು ಇಪ್ಪತ್ನಾಕು ಬರುತ್ತೆ, ವ್ಯಾಲೆಟ್ಟಲ್ಲಿ ಫೋಟೋ ಇಟ್ಕೊಳ್ಳೋರು ಯಾರಿದಾರೆ ಈಗ? ಚಿಲ್ಲರೆ ವ್ಯಾಪಾರ ಅನ್ಕೋಬೇಡಿ, ಶಾಲಾ ಫೋಟೋ ತೆಗೆಯೋ ಲೈಫ್‌ಟಚ್ ಕಂಪನಿನ 2018ರಲ್ಲಿ ಶಟರ್‌ಫ್ಲೈ ಅನ್ನೋ ಆನ್‌ಲೈನ್ ಫೋಟೋ ಪ್ರಿಂಟ್ ಕಂಪನಿ ಕೊಂಡ್ಕೊಂಡಿದ್ದು 82.5 ಕೋಟಿ ಡಾಲರಿಗೆ.

ಕೊನೇ ಬಾಣ ಅಪ್ಪ ಅಮ್ಮಂಗೆ. ಇಯರ್‌ಬುಕ್ ಹಿಂದಿನ ಪುಟಗಳಲ್ಲಿ ಮಗುವಿನ ತೊಟ್ಟಿಲು ಫೋಟೋ ಹಾಕ್ಸಿ "ನಿನ್ನ ಬಗ್ಗೆ ಹೆಮ್ಮೆ ಇದೆ ಕಂದಾ" ಅಂತ ಬರೆಸೋಕೆ ಜಾಗ ಮಾರ್ತಾರೆ, ಕಾಲು ಪುಟ, ಅರ್ಧ ಪುಟ, ಪೂರ್ತಿ ಪುಟ, ರೇಟು ಬೇರೆ ಬೇರೆ. ಇದೆಲ್ಲಾ ಲೂಟಿ ಕಣ್ರೀ ಅಂತ ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಂದು ಗಂಟೆ ಭಾಷಣ ಬಿಗಿದ ಯಜಮಾನ್ರು, ಪಕ್ಕದ ಎಲೆಯವ್ರು ಅರ್ಧ ಪುಟ ಬುಕ್ ಮಾಡಿದಾರೆ ಅಂತ ಗೊತ್ತಾಗಿದ್ದೇ ತಡ, ಹೋಳಿಗೆ ಬರೋ ಅಷ್ಟ್ರಲ್ಲಿ ಫೋನಲ್ಲೇ ಪೂರ್ತಿ ಪುಟಕ್ಕೆ ಕಾರ್ಡ್ ಉಜ್ಜಿಯಾಗಿತ್ತು.