ಟ್ರೇನ್ ಇಲ್ಲದ ಟ್ರೇನ್‌ಲೈನ್

ಟ್ರಿನಿಡಾಡಿನಲ್ಲಿ ಮೂರು ವರ್ಷ ಇದ್ದು ಬಂದವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಕ್ರಿಕೆಟ್ ಬಗ್ಗೆ, ಕಾರ್ನಿವಲ್ ಬಗ್ಗೆ, ಇಲ್ಲವೇ 1845ರಿಂದ ಹಡಗು ಹತ್ತಿ ಕಬ್ಬಿನ ಗದ್ದೆಗೆ ಹೋದ ನಮ್ಮ ದೇಶದ ಕೂಲಿಗಳ ಬಗ್ಗೆ. ನನಗೆ ಮಾತ್ರ ಮೊದಲು ನೆನಪಾಗುವುದು ಅಲ್ಲಿನ ಟುನಾಪುನಾ ಎಂಬ ಊರಿನ ಬೆಳಗಿನ ಐದೂವರೆ ಗಂಟೆ. ಬೆಟ್ಟದ ಬದಿಗೆ ಇನ್ನೂ ಕತ್ತಲು. ಡಬಲ್ಸ್ ಮಾರುವವನ ಪೆಟ್ಟಿಗೆಯಿಂದ ಹಬೆ ಏಳುತ್ತಿರುತ್ತದೆ. ಬಾರಾ ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿಗಳ ಮೇಲೆ ಕಡಲೆ ಸುರಿದು, ಖಾರ ಎಷ್ಟು ಎಂದು ಕೇಳಿ, ಕಾಗದದಲ್ಲಿ ಸುತ್ತಿ ತುದಿ ತಿರುಚಿ ಕೈಗಿಡಲು ಅವನಿಗೆ ಕೆಲವೇ ಸೆಕೆಂಡು ಸಾಕು. ಅದನ್ನು ತಿಂದು ಮುಗಿಸುವಷ್ಟರಲ್ಲಿ ಕೆಂಪು ಪಟ್ಟಿಯ ಮ್ಯಾಕ್ಸಿ, ಅಂದರೆ ಖಾಸಗಿ ಮಿನಿಬಸ್ಸು, ಬರುತ್ತದೆ. ಹತ್ತುವವರೆಲ್ಲ ಒಳಗಿರುವವರಿಗೆ 'ಗುಡ್ ಮಾರ್ನಿಂಗ್' ಹೇಳಿಯೇ ಕೂರಬೇಕು, ಹೇಳದಿದ್ದರೆ ಅಸಭ್ಯ. (ಬೆಂಗಳೂರಿನ ಬಸ್ಸಿನಲ್ಲಿ ಹೀಗೆ ಹೇಳಿದರೆ ಚಂದಾ ಕೇಳಲು ಬಂದವನೆಂದು ಕಿಟಕಿಯ ಕಡೆ ಮುಖ ತಿರುಗಿಸಿಯಾರು.)

ಅಷ್ಟು ಬೇಗ ಏಕೆ ಎಂದರೆ, ಇನ್ನೊಂದು ಗಂಟೆ ತಡವಾದರೆ ಪಕ್ಕದ ಚರ್ಚಿಲ್-ರೂಸ್‌ವೆಲ್ಟ್ ಹೆದ್ದಾರಿಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಮ್ಯಾಕ್ಸಿಗೆ ಆ ತಾಪತ್ರಯ ಕಡಿಮೆ. ಅದಕ್ಕೆ ಬೇರೆಯದೇ ದಾರಿ ಇದೆ: ಬಸ್ಸು, ಮ್ಯಾಕ್ಸಿ ಮತ್ತು ಪಾಸ್ ಗಿಟ್ಟಿಸಿಕೊಂಡ ಕೆಲವು ಕಾರುಗಳಿಗೆ ಮಾತ್ರ ಮೀಸಲಾದ ಎರಡು ಸಾಲಿನ ರಸ್ತೆ. ಕಾಗದದಲ್ಲಿ ಅದು ಪ್ರಯಾರಿಟಿ ಬಸ್ ರೂಟ್, ಜನರ ಬಾಯಲ್ಲಿ ಬರೀ ಬಸ್ ರೂಟ್. ಅದು ಅಷ್ಟು ನೇರವಾಗಿ ಏಕಿದೆ ಎಂದು ನನಗೆ ಹೊಳೆದದ್ದು ತಿಂಗಳುಗಳ ಮೇಲೆ. ಅದು ರೈಲು ಹಳಿಯ ಜಾಗ. 1876ರ ಆಗಸ್ಟ್ 31ರಂದು ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಅರೀಮಾಕ್ಕೆ, ಹದಿನಾರು ಮೈಲಿ, ಮೊದಲ ರೈಲು ಓಡಿದ್ದು ಇದರ ಮೇಲೆ. ಮ್ಯಾಕ್ಸಿ ಕೊನೆಗೆ ನಿಲ್ಲುವ ಸಿಟಿ ಗೇಟ್ ಕೂಡ ಹಳೆಯ ರೈಲ್ವೆ ನಿಲ್ದಾಣವೇ. 1882ರಲ್ಲಿ ಹಳಿ ದಕ್ಷಿಣದ ಸ್ಯಾನ್ ಫರ್ನಾಂಡೊ ಮುಟ್ಟಿತು, ಮುಂದೆ ಸಾಂಗ್ರೆ ಗ್ರಾಂಡೆ, ಸಿಪಾರಿಯಾ, ರಿಯೊ ಕ್ಲಾರೊ. ಸಕ್ಕರೆಯನ್ನೂ ಕೋಕೋವನ್ನೂ ಬಂದರಿಗೆ ಸಾಗಿಸಿದ ಆ ಜಾಲವೆಲ್ಲ 1968ರ ಡಿಸೆಂಬರ್‌ನಲ್ಲಿ ಮುಗಿದುಹೋಯಿತು.

ಈಗ ಅಲ್ಲಿ ಮತ್ತೆ ರೈಲು ಬರುತ್ತದೆಯೇ? ಅಲ್ಲಿನ ಗೆಳೆಯರು ಇಂದಿಗೂ ಸಂದೇಶ ಕಳಿಸಿ ಜಗಳ ತೆಗೆಯುವ ವಿಷಯ ಇದು. ನನ್ನ ಅಭಿಪ್ರಾಯ ಇಲ್ಲಿ ಬರೆದಿಟ್ಟರೆ ಪ್ರತಿ ಸಲ ಟೈಪ್ ಮಾಡುವ ಶ್ರಮವಾದರೂ ತಪ್ಪುತ್ತದೆ.

ಭೂಗೋಳ ನೋಡಿದರೆ ರೈಲಿಗೆಂದೇ ಹುಟ್ಟಿದ ದ್ವೀಪ ಅದು. ಟ್ರಿನಿಡಾಡ್ ನಮ್ಮ ಕೊಡಗಿಗಿಂತ ತುಸು ದೊಡ್ಡದು. ಟೊಬೇಗೊ ಸೇರಿಸಿ ದೇಶದ ಜನಸಂಖ್ಯೆ ಹದಿನಾಲ್ಕು ಲಕ್ಷದ ಆಸುಪಾಸು. ಉತ್ತರದ ಬೆಟ್ಟಸಾಲಿನ ಬುಡದಲ್ಲಿ ಸ್ಯಾನ್ ವಾನ್, ಸೇಂಟ್ ಜೋಸೆಫ್, ಕ್ಯೂರೆಪ್, ಟುನಾಪುನಾ, ಅರೂಕಾ, ಅರೀಮಾ ಎಂದು ಊರುಗಳು ದಾರಕ್ಕೆ ಪೋಣಿಸಿದಂತೆ ಸಾಲಾಗಿವೆ. ಎಲ್ಲರೂ ಹೋಗಬೇಕಾದದ್ದು ಒಂದೇ ದಿಕ್ಕಿಗೆ. ಅವರು ರಾಜಧಾನಿಯ ಹೆಸರನ್ನೂ ಹೇಳುವುದಿಲ್ಲ, 'ಟೌನ್‌ಗೆ' ಎನ್ನುತ್ತಾರೆ, ಅಷ್ಟೇ. ಇಷ್ಟು ಸೊಗಸಾದ ಒಂದೇ ಗೆರೆಯ ನಗರ ಸಿಕ್ಕರೆ ಯಾವ ರೈಲ್ವೆ ಎಂಜಿನಿಯರನ ಬಾಯಲ್ಲಾದರೂ ನೀರೂರಬೇಕು.

ನೀರೂರಿತ್ತು ಕೂಡ. 2020ರ ಹೊತ್ತಿಗೆ ದೇಶವನ್ನು ಮುಂದುವರಿದ ರಾಷ್ಟ್ರಗಳ ಸಾಲಿಗೆ ಸೇರಿಸುತ್ತೇನೆ ಎಂದು ಹೊರಟಿದ್ದ ಪ್ರಧಾನಿ ಪ್ಯಾಟ್ರಿಕ್ ಮ್ಯಾನಿಂಗ್ 'ರ‍್ಯಾಪಿಡ್ ರೈಲ್' ಎಂಬ ಯೋಜನೆ ತಂದರು. ಪೂರ್ವ-ಪಶ್ಚಿಮ ಒಂದು ಮಾರ್ಗ, ಸ್ಯಾನ್ ಫರ್ನಾಂಡೊಗೆ ಇನ್ನೊಂದು, ಸೇರಿ ನೂರು ಕಿಲೋಮೀಟರಿಗೂ ಹೆಚ್ಚು. ಫ್ರಾನ್ಸಿನ ಬ್ವೀಗ್, ಆಲ್‌ಸ್ಟಾಮ್‌ನಂಥ ದೊಡ್ಡ ಕಂಪನಿಗಳ ಕೂಟಕ್ಕೆ ಕೆಲಸ ವಹಿಸಿದ್ದೂ ಆಯಿತು. 2010ರಲ್ಲಿ ಮ್ಯಾನಿಂಗ್ ಸೋತರು, ಹೊಸ ಪ್ರಧಾನಿ ಕಮಲಾ ಪರ್ಸಾದ್-ಬಿಸ್ಸೆಸರ್ ಯೋಜನೆಯನ್ನೇ ರದ್ದು ಮಾಡಿದರು. ಅಧ್ಯಯನಕ್ಕೆ ಸುರಿದ ಹಣ ಅಲ್ಲಿಗೆ ಹೋಯಿತು, ಒಂದು ಗಜ ಹಳಿಯೂ ಬೀಳಲಿಲ್ಲ. 2015ರಲ್ಲಿ ಬಂದ ಕೀತ್ ರೌಲಿ ಮತ್ತೆ ಮಾತೆತ್ತಿದರು. ಅಷ್ಟರಲ್ಲಿ ತೈಲದ ಬೆಲೆ ಬಿದ್ದು ಬೊಕ್ಕಸ ಸೊರಗಿತ್ತು. 2025ರಿಂದ ಮತ್ತೆ ಕಮಲಾ ಅವರೇ ಪ್ರಧಾನಿ. ಅವರು ದೀರ್ಘಕಾಲ ಪ್ರತಿನಿಧಿಸಿದ ಸಿಪಾರಿಯಾ ಒಂದು ಕಾಲಕ್ಕೆ ಇದೇ ರೈಲಿನ ದಕ್ಷಿಣದ ಕೊನೆಯ ನಿಲ್ದಾಣವಾಗಿತ್ತು ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ.

ರದ್ದು ಮಾಡಿದ್ದು ತಪ್ಪು ಎಂದು ಗೆಳೆಯರಲ್ಲಿ ಅರ್ಧದಷ್ಟು ಜನ ಇಂದಿಗೂ ಕುದಿಯುತ್ತಾರೆ. ನಾನು ಕುದಿಯುವುದಿಲ್ಲ. ನೂರು ಕಿಲೋಮೀಟರಿನ ಯೋಜನೆ ಒಂದು ಚುನಾವಣೆಯನ್ನೂ ದಾಟಲಾರದು ಎಂಬುದು ಮೊದಲ ದಿನವೇ ಗೊತ್ತಿರಬೇಕಿತ್ತು. ಬೆಂಗಳೂರಿನ ಮೆಟ್ರೋ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಆರೇಳು ಕಿಲೋಮೀಟರ್ ಓಡಲು ಶುರುವಾದಾಗ ನಾವೆಲ್ಲ ಆಟಿಕೆ ರೈಲು ಎಂದು ನಕ್ಕಿದ್ದೆವು. ಆದರೆ ಓಡುವ ಆಟಿಕೆಯನ್ನು ನಿಲ್ಲಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ.

ಟ್ರಿನಿಡಾಡಿನವರು ಫ್ರಾನ್ಸಿನ ಕಡೆ ನೋಡುವ ಬದಲು ನೆರೆಯ ಎರಡು ದ್ವೀಪಗಳನ್ನು ನೋಡಿಬರಬೇಕು. ಪೋರ್ಟೊ ರಿಕೊದ ಸ್ಯಾನ್ ವಾನ್‌ನಲ್ಲಿ (ಇದು ಬೇರೆ ಸ್ಯಾನ್ ವಾನ್) 2004ರ ಕೊನೆಗೆ ಟ್ರೆನ್ ಉರ್ಬಾನೊ ಶುರುವಾಯಿತು: ಸುಮಾರು 17 ಕಿಲೋಮೀಟರ್, 16 ನಿಲ್ದಾಣ, ಇನ್ನೂರು ಕೋಟಿ ಡಾಲರಿಗೂ ಮೀರಿದ ಖರ್ಚು. ಲೆಕ್ಕ ಹಾಕಿದಷ್ಟು ಜನ ಹತ್ತಲೇ ಇಲ್ಲ. 2009ರಲ್ಲಿ ಡೊಮಿನಿಕನ್ ಗಣರಾಜ್ಯದ ರಾಜಧಾನಿ ಸಾಂಟೊ ಡೊಮಿಂಗೊದಲ್ಲಿ ಮೆಟ್ರೋ ಬಂತು: ಸುಮಾರು 14.5 ಕಿಲೋಮೀಟರ್, ಅಲ್ಲಿಯೂ 16 ನಿಲ್ದಾಣ. ಅಲ್ಲಿ ಈಗ ನೂಕುನುಗ್ಗಲು, ಬೋಗಿಗಳನ್ನೇ ಹೆಚ್ಚಿಸಬೇಕಾಗಿ ಬಂದಿದೆ. ನಿಲ್ದಾಣಗಳ ಲೆಕ್ಕ ಒಂದೇ, ಹಣೆಬರಹ ಬೇರೆ. ಸಾಂಟೊ ಡೊಮಿಂಗೊ ಒತ್ತೊತ್ತಾದ ನಗರ, ಬಹಳ ಮಂದಿಗೆ ಸ್ವಂತ ಕಾರಿಲ್ಲ. ಸ್ಯಾನ್ ವಾನ್‌ನಲ್ಲಿ ಮನೆಮನೆಗೂ ಕಾರು, ಮನೆಯಿಂದ ನಿಲ್ದಾಣಕ್ಕೆ ಹೋಗುವುದೇ ಒಂದು ಪ್ರಯಾಣ.

ಟ್ರಿನಿಡಾಡ್ ಇವೆರಡರಲ್ಲಿ ಯಾವುದನ್ನು ಹೋಲುತ್ತದೆ? ನನ್ನ ಕಣ್ಣಿಗೆ ಕಂಡದ್ದು ಸ್ಯಾನ್ ವಾನ್. ತೈಲ, ಅನಿಲ ಎರಡೂ ಇರುವ ದೇಶ. ದಶಕಗಳ ಕಾಲ ಸಬ್ಸಿಡಿಯ ಪೆಟ್ರೋಲು, ಜಪಾನಿನಿಂದ ಬರುವ ಬಳಸಿದ ಕಾರುಗಳು. ಕೆಲಸ ಸಿಕ್ಕ ಹುಡುಗ ಮೊದಲು ಮಾಡುವ ಕೆಲಸ ಕಾರು ಕೊಳ್ಳುವುದು. ಆ ಕಾರಿನ ಕಂತು ಕಟ್ಟಲು ಸಂಜೆ ಅದನ್ನೇ 'ಪಿ.ಎಚ್.' ಓಡಿಸುತ್ತಾನೆ. ಹಾಗೆಂದರೆ 'ಪಿ' ಎಂದು ಶುರುವಾಗುವ ಖಾಸಗಿ ನಂಬರಿನ ಕಾರಿಗೆ ಬಾಡಿಗೆ ಜನರನ್ನು ತುಂಬಿಸಿಕೊಳ್ಳುವುದು. ಕಾನೂನಿಗೆ ವಿರುದ್ಧ, ಆದರೂ ಅದಿಲ್ಲದೆ ಎಷ್ಟೋ ಬೀದಿಗಳಿಗೆ ಸಂಜೆಯ ಮೇಲೆ ತಲುಪುವುದೇ ಕಷ್ಟ.

ಹಾಗಾದರೆ ಹಳೆಯ ಜಾಗ ಇದೆಯಲ್ಲ, ಬಸ್ ರೂಟ್ ಮೇಲೆ ಮತ್ತೆ ಹಳಿ ಹಾಕಿಬಿಡಿ ಎನ್ನುವವರಿದ್ದಾರೆ. ಕೇಳಲು ಚೆನ್ನ. ಆದರೆ ಆ ರಸ್ತೆ ಖಾಲಿ ಬಿದ್ದಿಲ್ಲ, ಪೂರ್ವ ಟ್ರಿನಿಡಾಡಿನ ಬಡವರು ಟೌನ್ ಸೇರುವುದೇ ಅದರ ಮೇಲೆ. ನಾಲ್ಕೈದು ವರ್ಷ ಅದನ್ನು ಅಗೆದಿಟ್ಟರೆ ಅವರೆಲ್ಲ ಎಲ್ಲಿ ಹೋಗಬೇಕು? ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಮೆಟ್ರೋ ಕಂಬ ನಿಲ್ಲಿಸುವಾಗ ಎದ್ದ ಗಲಾಟೆ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ದಕ್ಷಿಣದ ಮಾರ್ಗವಂತೂ ಇನ್ನೂ ತೊಡಕು. ಸ್ಯಾನ್ ಫರ್ನಾಂಡೊ ಪಕ್ಕದ ಮರಾಬೆಲ್ಲಾದಲ್ಲಿ 'ಟ್ರೇನ್‌ಲೈನ್' ಎಂಬುದು ಈಗ ಒಂದು ಬಡಾವಣೆಯ ಹೆಸರು. ಹಳಿ ಇದ್ದಲ್ಲಿ ಜನ ಮನೆ ಕಟ್ಟಿಕೊಂಡು ಮೊಮ್ಮಕ್ಕಳನ್ನು ಕಂಡಿದ್ದಾರೆ. ಸ್ಯಾನ್ ಫರ್ನಾಂಡೊದ ಹ್ಯಾರಿಸ್ ಪ್ರೊಮೆನಾಡ್‌ನಲ್ಲಿ ಹಳೆಯ ಉಗಿ ಎಂಜಿನ್ನೊಂದನ್ನು ಬಣ್ಣ ಬಳಿದು ನಿಲ್ಲಿಸಿದ್ದಾರೆ. ಸದ್ಯಕ್ಕೆ ದಕ್ಷಿಣಕ್ಕೆ ಅಷ್ಟು ರೈಲು ಸಾಕು. 2008ರಿಂದ ಸ್ಯಾನ್ ಫರ್ನಾಂಡೊ ಮತ್ತು ಟೌನ್ ನಡುವೆ ಸಮುದ್ರದಲ್ಲಿ ಓಡುತ್ತಿರುವ ವಾಟರ್ ಟ್ಯಾಕ್ಸಿಯ ದೋಣಿಗಳನ್ನು ಹೆಚ್ಚಿಸಿದರೆ ಕಡಿಮೆ ದುಡ್ಡಿನಲ್ಲಿ ಹೆಚ್ಚು ಜನ ಉಸಿರಾಡುತ್ತಾರೆ.

ನನ್ನ ಆಸೆ ಒಂದೇ ಸಾಲಿನದು: ಅರೀಮಾದಿಂದ ಟೌನ್‌ಗೆ, ಬಸ್ ರೂಟ್‌ಗೆ ಕೈ ಹಚ್ಚದೆ, ಹೆದ್ದಾರಿಯ ಕಡೆಯಿಂದ ಜಾಗ ಕಿತ್ತುಕೊಂಡು. ಕಾರಿನವರು ಕಿರುಚುತ್ತಾರೆ, ಕಿರುಚಲಿ.

ಆದರೆ ನನಗೆ ಹಳಿಗಿಂತ ದೊಡ್ಡ ಚಿಂತೆ ಮ್ಯಾಕ್ಸಿಯದು. ನಾನು ದಿನವೂ ಹತ್ತುತ್ತಿದ್ದ ಇಪ್ಪತ್ತೈದು ಸೀಟಿನ ಗಾಡಿಯ ಚಾಲಕನೇ ಅದರ ಮಾಲೀಕ. ಮನೆ ಅಡವಿಟ್ಟು ಕೊಂಡಿದ್ದ. ರೈಲು ಬಂದರೆ ಏನು ಮಾಡುತ್ತೀಯ ಎಂದು ಒಮ್ಮೆ ಕೇಳಿದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, 'ಬೆಟ್ಟದ ಮೇಲಿನ ಬೀದಿಯಿಂದ ನಿನ್ನನ್ನು ಆ ರೈಲಿಗೆ ಕರೆತರುವವನು ಯಾರು?' ಎಂದ. ಅದುವರೆಗೆ ನಾನು ಓದಿದ್ದ ವರದಿ, ಭಾಷಣಗಳಲ್ಲಿ ಅಂಥವರ ಮಾತು ಬರುತ್ತಿದ್ದುದು ಪೈಪೋಟಿಗೆ ನಿಲ್ಲುವವರೆಂದು, ಅಷ್ಟೇ. ಅವರಿಗೆ ನಿಲ್ದಾಣದಿಂದ ಗಲ್ಲಿಗಳಿಗೆ ಓಡುವ ಗುತ್ತಿಗೆ ಕೊಡಬಹುದು, ಒಂದೇ ಟಿಕೆಟ್ಟಿನಲ್ಲಿ ಪಾಲು ಕೊಡಬಹುದು.

ಮುಂದಿನ ಸಲ ಯಾರಾದರೂ ಹೊಸ ವರದಿ ಕಳಿಸಿದರೆ ನಾನು ನಕ್ಷೆಯನ್ನಾಗಲಿ, ಹೊಳೆಯುವ ಬೋಗಿಗಳ ಚಿತ್ರವನ್ನಾಗಲಿ ಮೊದಲು ನೋಡುವುದಿಲ್ಲ. ಕೆಂಪು ಪಟ್ಟಿಯ ಮ್ಯಾಕ್ಸಿಗಳಿಗೆ ಅದರಲ್ಲಿ ಎಷ್ಟು ಪುಟ ಕೊಟ್ಟಿದ್ದಾರೆ ಎಂದು ಎಣಿಸುತ್ತೇನೆ.